ನಮಸ್ಕಾರ ಹೇಳುವ ಡಬ್ಬಿ

ಚೂಡಾಮಣಿ ಯಾರ ಮನೆಗೆ ಹೋದರೂ ಮೊದಲು ನೋಡುವುದು ಗೋಡೆಯ ಸ್ವಿಚ್ಚುಗಳನ್ನು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅವಳಿಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಮಾತಿನ ನಡುವೆಯೇ ಎದ್ದು ಹೋಗಿ ಆರಿಸಿ ಬಂದು, ಏನೂ ಆಗಿಲ್ಲವೆಂಬಂತೆ ಮತ್ತೆ ಕೂತುಕೊಳ್ಳುತ್ತಾಳೆ. ನಾದಿನಿಯ ಮಗಳ ಮದುವೆಯಲ್ಲಿ ಹೀಗೇ ಛತ್ರದ ಮಹಡಿಯ ದೀಪಗಳನ್ನೆಲ್ಲ ಆರಿಸುತ್ತಾ ಹೋಗಿ, ಬಚ್ಚಲಲ್ಲಿ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದ ಬೀಗರನ್ನು ಕತ್ತಲಲ್ಲಿ ಕೆಡವಿದ್ದಳು. ಆ ಬೀಗರು ಇವತ್ತಿಗೂ ಹಾಸನಕ್ಕೆ ಬಂದರೆ ಊಟ ಮಾಡುತ್ತಾರೆ, ಮಲಗುತ್ತಾರೆ, ಇವರ ಮನೆಯಲ್ಲಿ ಸ್ನಾನ ಮಾತ್ರ ಮಾಡುವುದಿಲ್ಲ.

ಇದು ತವರಿನಿಂದ ಬಂದ ಗುಣ. ಹೊಳೆನರಸೀಪುರದ ಅವಳ ಅಪ್ಪ ಲೆಕ್ಕದ ಮೇಷ್ಟ್ರು. ಮನೆಯಲ್ಲಿ ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆಗೆ ಕಿಂಡಿ ಕೊರೆಸಿ, ಆ ಕಿಂಡಿಯಲ್ಲಿ ಒಂದೇ ಒಂದು ಬಲ್ಬು ಕೂರಿಸಿದ್ದರು. ಇತ್ತ ಮಕ್ಕಳ ಪಾಠ, ಅತ್ತ ಅಮ್ಮನ ಒಗ್ಗರಣೆ, ಎರಡಕ್ಕೂ ಅದೇ ಬೆಳಕು. ನೆಂಟರಿಷ್ಟರು ಜಿಪುಣತನ ಅಂದರು. ಚೂಡಾಮಣಿಗೆ ಮಾತ್ರ ಅಪ್ಪ ಮಹಾ ಬುದ್ಧಿವಂತ ಅನ್ನಿಸುತ್ತಿತ್ತು. ದೊಡ್ಡವಳಾದ ಮೇಲೆ ಎಲೆಕ್ಟ್ರಾನಿಕ್ಸ್ ಓದಿದಳು, ಹಾಸನದಲ್ಲಿ ಸಂಪತ್ಕುಮಾರನ ಕೈಹಿಡಿದಳು, ಕೆಲವು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿದಳು. ಆಮೇಲೆ ಅದನ್ನೂ ಬಿಟ್ಟು, ಸಾಲಗಾಮೆ ರಸ್ತೆಯ ಪಕ್ಕದ ಓಣಿಯಲ್ಲಿರುವ ಮನೆಯ ಮಹಡಿಯ ಮೇಲೆ ಒಂದು ಮೇಜು, ಒಂದು ಸೋಲ್ಡರ್ ಕಡ್ಡಿ, ಎರಡು ಮೀಟರು ಇಟ್ಟುಕೊಂಡು ತನ್ನದೇ ಕೆಲಸ ಶುರು ಮಾಡಿದಳು.

ಕೆಲಸ ಅಂದರೆ ಕಂಟ್ರೋಲರ್ ಸರ್ಕ್ಯೂಟು. ಯಾವ ಯಂತ್ರ ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವ ಅಂಗೈಯಗಲದ ಹಸಿರು ಹಲಗೆ. ಬೇರೆಯವರು ತಾವು ಮಾಡಿದ್ದನ್ನು ತಂದುಕೊಟ್ಟು, ‘ಬ್ಯಾಟರಿ ಬೇಗ ಮುಗಿದು ಹೋಗತ್ತೆ ಮೇಡಂ’ ಅನ್ನುತ್ತಾರೆ. ಇವಳು ಅದರಲ್ಲಿ ಕರೆಂಟು ಎಲ್ಲಿ ಸೋರುತ್ತಿದೆ ಎಂದು ಹುಡುಕಿ ಮುಚ್ಚಿಕೊಡುತ್ತಾಳೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಸಂಪತ್ಕುಮಾರ ಇದನ್ನು ತನ್ನದೇ ರೀತಿಯಲ್ಲಿ ವಿವರಿಸುತ್ತಾನೆ: "ನಮ್ಮನೆಯವಳು ಊರವರ ಸ್ವಿಚ್ಚೆಲ್ಲ ಆರಿಸಿ ಮುಗಿಸಿದಾಳೆ. ಈಗ ಕಣ್ಣಿಗೆ ಕಾಣದ ಸ್ವಿಚ್ಚಿಗೆ ಕೈ ಹಾಕಿದಾಳೆ."

ಆ ಮಹಡಿಗೆ ಒಂದು ದಿನ ಮೆಟ್ಟಿಲು ಹತ್ತಿಕೊಂಡು ಬಂದವಳು ಹೊನ್ನಕ್ಕ. ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿ ಕಡೆ ಹೋಗುವ ದಾರಿಯಲ್ಲಿ ತೆಂಗಿನ ತೋಟ ಇರುವವಳು. ಕೈಯಲ್ಲಿ ಒಂದು ಚೀಲ ಎಳನೀರು, ಹಿಂದೆ ಗಂಡ ರಂಗಸ್ವಾಮಿ. ಕೂತ ಕೂಡಲೇ ವಿಷಯಕ್ಕೆ ಬಂದಳು.

"ಅಮ್ಮಾರೇ, ನನ್ ಮಗಳು ಸ್ಪಂದನಾ ಅರಕಲಗೂಡಲ್ಲಿ ಇಸ್ಕೂಲ್ ಮೇಡಮ್ಮು. ಈಗ ಬಸುರಿ. ಚೊಚ್ಚಲು, ತವರಿಗೆ ಕರ್ಕಂಬಂದು ಮಾಡ್ಬೇಕು. ಆದ್ರೆ ಡಾಕ್ಟ್ರು ಬಸ್ಸು ಕಾರು ಯಾವ್ದೂ ಅತ್ತಂಗಿಲ್ಲ, ಅಲುಗಾಡಂಗಿಲ್ಲ ಅಂದ್ಬುಟ್ಟವ್ರೆ. ಅತ್ತೆ ಇಲ್ಲದ ಮನೆ. ನಾನೇ ಓಗಿ ಬಾಣಂತನ ಮಾಡ್ಬೇಕು."

"ಮಾಡಿ ಹೊನ್ನಕ್ಕ, ಅದಕ್ಕೆ ನನ್ನಿಂದ ಏನಾಗ್ಬೇಕು?"

"ತ್ವಾಟ ಬುಟ್ಟು ಎಂಗೆ ಓಗ್ಲಿ? ಒಸಾ ಸಸಿ ನೆಟ್ಟಿವ್ನಿ. ಬ್ಯಾಸಗೇಲಿ ಒಂದ್ ವಾರ ನೀರು ತಪ್ಪಿದ್ರೆ ಒಣಗೋಯ್ತವೆ."

ಚೂಡಾಮಣಿ ಸಹಜವಾಗಿಯೇ ರಂಗಸ್ವಾಮಿಯ ಕಡೆ ನೋಡಿದಳು. ರಂಗಸ್ವಾಮಿ ಸಹಜವಾಗಿಯೇ ಕಿಟಕಿಯ ಕಡೆ ನೋಡಿದ.

"ಇವ್ರಾ?" ಅಂದಳು ಹೊನ್ನಕ್ಕ. "ಓದ್ ವರ್ಸ ವಾಲ್ವು ತಿರುವಿ ಬಾ ಅಂತ ಕಳ್ಸಿದ್ದೆ. ತಿರುವಿದ್ರು. ಟೀ ಅಂಗ್ಡೀಗೆ ಓದ್ರು. ಎಲೆಕ್ಸನ್ ಮಾತಾಡ್ತಾ ಕುಂತ್ಬುಟ್ರು. ಪಕ್ಕದೋರ ರಾಗಿ ಒಲ್ದಲ್ಲಿ ಕಪ್ಪೆ ಕೂಗ್ತಿದ್ವು ಕಣಮ್ಮಾ!"

"ಕಪ್ಪೆ ಮೊದ್ಲೇ ಇದ್ವು" ಅಂದ ರಂಗಸ್ವಾಮಿ, ಕಿಟಕಿಗೆ.

ಒಳ್ಳೆಯ ಮನುಷ್ಯ. ಹಸು ಕರೆಯುತ್ತಾನೆ, ಹೊಲ ಉಳುತ್ತಾನೆ, ಊರಿನ ಯಾರ ಕಷ್ಟಕ್ಕೂ ಮೊದಲು ಓಡುವವನು ಅವನೇ. ಆದರೆ ಯಾರಾದರೂ ಮಾತಿಗೆ ಸಿಕ್ಕರೆ ಮುಗಿಯಿತು, ಕಾಲ ದೇಶ ಯಾವುದೂ ಅವನ ಪರಿವೆಗೆ ಬರುವುದಿಲ್ಲ. ಹೊನ್ನಕ್ಕ ಮದುವೆಯಾಗಿ ಬಂದ ಮೇಲೆ ಬೇಸಗೆಯಲ್ಲಿ ಒಂದು ವಾರ ಸರಿಯಾಗಿ ಊರು ಬಿಟ್ಟಿದ್ದೇ ಇಲ್ಲವಂತೆ. ಅದನ್ನು ಹೇಳುವಾಗ ಅವಳ ದನಿ ಸ್ವಲ್ಪ ಕುಗ್ಗಿತು. "ಮಗಳು ನೋವು ತಿನ್ನುವಾಗ ನಾನು ಇಲ್ಲಿ ವಾಲ್ವು ತಿರುವ್ತಾ ಕುಂತಿರ್ಲಾ?" ಅಂದಳು. ಚೂಡಾಮಣಿಗೆ ಅಷ್ಟು ಸಾಕಾಯಿತು, ಒಪ್ಪಿಕೊಂಡಳು.

ತೋಟದ ವ್ಯವಸ್ಥೆ ಹೀಗೆ. ತ್ರೀ ಫೇಸ್ ಕರೆಂಟು ಅದಕ್ಕೆ ಮನಸ್ಸು ಬಂದಾಗ ಬರುತ್ತದೆ, ಬಂದಾಗ ಮೋಟಾರು ಎತ್ತರದ ತೊಟ್ಟಿಯನ್ನು ತುಂಬಿಸುತ್ತದೆ. ತೊಟ್ಟಿಯಿಂದ ಸಾಲು ಸಾಲಿಗೆ ಹನಿ ನೀರು. ಯಾವ ಸಾಲಿಗೆ ಯಾವಾಗ ಎಂದು ವಾಲ್ವು ತೆರೆದು ಮುಚ್ಚುವ ಡಬ್ಬಿ ಒಂದು ಬೇಕು, ಅದು ಬ್ಯಾಟರಿಯಲ್ಲೇ ಬದುಕಬೇಕು. ಸೋಲಾರ್ ಹಲಗೆ ಹಾಕಬಹುದಲ್ಲ ಎಂದು ಸಂಪತ್ಕುಮಾರ ಕೇಳಿದ. ಅವನೇನು ಬಲ್ಲ! ತೆಂಗಿನ ತೋಟದಲ್ಲಿ ಬಿಸಿಲಿಗಿಂತ ನೆರಳು ಹೆಚ್ಚು, ನೆರಳಿಗಿಂತ ಕೋತಿ ಹೆಚ್ಚು. ಪಕ್ಕದ ತೋಟದವರು ಹಾಕಿಸಿದ ಸೋಲಾರ್ ಹಲಗೆಯ ಮೇಲೆ ಮೊದಲ ವಾರ ಕೋತಿ ಕುಣಿದವು, ಎರಡನೆಯ ವಾರ ತೆಂಗಿನಕಾಯಿ ಬಿತ್ತು.

ಹಾಗಾಗಿ ಉಳಿದದ್ದು ಒಂದೇ ದಾರಿ. ಬ್ಯಾಟರಿ ದೊಡ್ಡದು ಮಾಡುವ ಬದಲು ಡಬ್ಬಿಯ ಹೊಟ್ಟೆಯನ್ನು ಚಿಕ್ಕದು ಮಾಡುವುದು.

ಹಸಿರು ಹಲಗೆಗೆ ಮಿದುಳಿನಂತಿರುವ ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಒಂದು ಬಡಿತ ಇರುತ್ತದೆ. ಪ್ರತಿಯೊಂದು ಬಡಿತಕ್ಕೂ ಇಷ್ಟು ಅಂತ ಕರೆಂಟು ಖರ್ಚು. ತೆಂಗಿನ ಸಸಿಗೆ ನೀರು ಬಿಡುವ ಚಿಪ್ಪಿಗೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಎದೆ ಬಡಿದುಕೊಳ್ಳುವಂಥ ಅವಸರ ಏನಿದೆ ಸ್ವಾಮಿ? ಚೂಡಾಮಣಿ ಮೊದಲು ಆ ಬಡಿತವನ್ನು ನಿಧಾನ ಮಾಡಿದಳು. ‘ಹೊತ್ತಾಯಿತಾ, ಹೊತ್ತಾಯಿತಾ’ ಎಂದು ಪ್ರತಿ ಕ್ಷಣ ಕೇಳಿಕೊಳ್ಳುತ್ತಿದ್ದುದನ್ನು ನಿಲ್ಲಿಸಿ ಅದನ್ನು ಮಲಗಿಸಿದಳು, ಹೊತ್ತಾದಾಗ ಎಬ್ಬಿಸುವ ಕೆಲಸವನ್ನು ಪಕ್ಕದ ಒಂದು ಪುಟ್ಟ ಗಡಿಯಾರದ ಚಿಪ್ಪಿಗೆ ಒಪ್ಪಿಸಿದಳು. ವಾಲ್ವುಗಳನ್ನೂ ಬದಲಾಯಿಸಿದಳು. ಹಳೆಯವು ತೆರೆದಿರುವಷ್ಟು ಹೊತ್ತೂ ಕರೆಂಟು ಕುಡಿಯುತ್ತಿದ್ದವು. ಹೊಸವಕ್ಕೆ ಒಂದು ತಳ್ಳು ಕೊಟ್ಟರೆ ತೆರೆದುಕೊಂಡು ಹಾಗೇ ನಿಲ್ಲುತ್ತವೆ, ಇನ್ನೊಂದು ತಳ್ಳಿಗೆ ಮುಚ್ಚಿಕೊಳ್ಳುತ್ತವೆ, ನಡುವೆ ಏನನ್ನೂ ಕೇಳುವುದಿಲ್ಲ. ಆಮೇಲೂ ಎಲ್ಲೋ ಸಣ್ಣದಾಗಿ ಸೋರುತ್ತಲೇ ಇತ್ತು. ಹುಡುಕಿ ಹುಡುಕಿ ಸುಸ್ತಾಗಿ ಕೊನೆಗೆ ಸಿಕ್ಕಿತು. ಬ್ಯಾಟರಿ ಎಷ್ಟಿದೆ ಎಂದು ಅಳೆಯಲು ಅವಳೇ ಹಾಕಿದ್ದ ರೆಸಿಸ್ಟರ್ ಹಗಲೂ ರಾತ್ರಿ ಅದೇ ಬ್ಯಾಟರಿಯನ್ನು ಹೀರುತ್ತಿತ್ತು. "ಮನೆಗೆ ಕಾವಲು ಇಟ್ಟವನೇ ಉಗ್ರಾಣ ತಿಂತಿದ್ದ ನೋಡ್ರಿ!" ಎಂದು ಗಂಡನಿಗೆ ಕೂಗಿ ಹೇಳಿ, ಅದಕ್ಕೊಂದು ಸ್ವಿಚ್ಚು ಕೂರಿಸಿದಳು. ಅಳೆಯುವಾಗ ಮಾತ್ರ ಅದಕ್ಕೆ ಕರೆಂಟು.

ಆ ಸಂಜೆ ಮೀಟರು ತೋರಿಸಿದ ಅಂಕಿ ನೋಡಿ, ವೈರು ಕಳಚಿರಬೇಕು ಅಂದುಕೊಂಡಳು. ಕಳಚಿರಲಿಲ್ಲ. ಸಂಪತ್ಕುಮಾರನನ್ನು ಕೈಹಿಡಿದು ಮಹಡಿಗೆ ಎಳೆದುಕೊಂಡು ಹೋದಳು.

"ಏನೂ ಕಾಣಿಸ್ತಿಲ್ವಲ್ಲ ಚೂಡಾ."

"ಅದೇ ರೀ! ಏನೂ ಕಾಣಿಸಬಾರದು!"

ಏನೂ ಕಾಣಿಸದ ಖುಷಿಗೆ ರಾತ್ರಿ ಊಟಕ್ಕೆ ಗೋಡಂಬಿ ಹಾಕಿ ಸಜ್ಜಿಗೆ ಮಾಡಿದಳು. ಬ್ಯಾಟರಿ ಒಂದು ಬೇಸಗೆ ಪೂರ್ತಿ ಬಂದು, ಇನ್ನೂ ಮಿಗಬೇಕು ಎಂಬುದು ಅವಳ ಲೆಕ್ಕ.

ಸಂಕ್ರಾಂತಿ ಕಳೆದ ಮೇಲೆ ಡಬ್ಬಿಯನ್ನು ತೋಟಕ್ಕೆ ಒಯ್ದಳು. ಬೂದು ಬಣ್ಣದ ಡಬ್ಬಿ, ಮೇಲೆ ದೀಪವಿಲ್ಲ, ಸದ್ದಿಲ್ಲ. ರಂಗಸ್ವಾಮಿ ಸುತ್ತ ತಿರುಗಿ ನೋಡಿದ, ಕಿವಿ ಇಟ್ಟು ಕೇಳಿದ.

"ಅಮ್ಮಾರೇ, ತೆಪ್ಪು ತಿಳ್ಕಾಬ್ಯಾಡಿ. ಇದು ಸತ್ತೋಗೈತೆ."

"ಸತ್ತಿಲ್ಲ ರಂಗಸ್ವಾಮಣ್ಣ, ಮಲಗಿದೆ."

"ಮಲಗ್ದೋರು ಉಸ್ರಾದ್ರೂ ಆಡ್ಬೇಕಲ್ವಾ?"

ಹೊನ್ನಕ್ಕನ ಮುಖದಲ್ಲೂ ಅದೇ ಅನುಮಾನ. ಇದನ್ನು ನಂಬಿ ಮಗಳ ಹತ್ತಿರ ಹೋಗಬೇಕಾದವಳು ಅವಳು. ಚೂಡಾಮಣಿ ಡಬ್ಬಿಯನ್ನು ವಾಪಸು ತಂದು ಅದಕ್ಕೊಂದು ಗುಂಡಿ, ಒಂದು ಪುಟ್ಟ ಪರದೆ ಜೋಡಿಸಿದಳು. ಗುಂಡಿ ಒತ್ತಿದರೆ ಪರದೆಗೆ ನೀಲಿ ಬೆಳಕು ಬಂದು, ಮೊದಲು ‘ನಮಸ್ಕಾರ’ ಎಂದು ಕಾಣುತ್ತದೆ. ಆಮೇಲೆ ಇವತ್ತು ಯಾವ ಸಾಲಿಗೆ ನೀರು ಹೋಯಿತು, ಬ್ಯಾಟರಿ ಎಷ್ಟಿದೆ ಎಂಬುದು. ಮನೆಗೆ ಬಂದವರನ್ನು ಮಾತಾಡಿಸದೆ ಕೆಲಸದ ಮಾತು ತೆಗೆಯುವುದು ಅವಳ ತವರಿನಲ್ಲಿ ಇರಲಿಲ್ಲ, ಅದಕ್ಕೆ ಆ ನಮಸ್ಕಾರ. ಅಪರೂಪಕ್ಕೆ ಯಾರೋ ಒತ್ತಿ ನೋಡಿಯಾರು, ಅಷ್ಟಕ್ಕೆ ಬ್ಯಾಟರಿಗೇನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದಳು. ಮಲಗಿದವರನ್ನು ಯಾರು ಸುಮ್ಮಸುಮ್ಮನೆ ಎಬ್ಬಿಸುತ್ತಾರೆ?

ಡಬ್ಬಿ ಶಿವರಾತ್ರಿಯನ್ನೂ ಕಾಣಲಿಲ್ಲ. ‘ಮಕ್ಕಂಡೈತೆ ಅಮ್ಮಾರೇ, ಏಳ್ತಾನೇ ಇಲ್ಲ’ ಎಂದು ಹೊನ್ನಕ್ಕನ ಫೋನು ಬಂತು. ಚೂಡಾಮಣಿ ಬಸ್ಸು ಹತ್ತಿಹೋಗಿ ನೋಡಿದರೆ ಬ್ಯಾಟರಿ ಪೂರ್ತಿ ಬರಿದು. ಹೊಸ ಬ್ಯಾಟರಿ ಹಾಕಿ ಬಂದಳು, ಅದೂ ಅಷ್ಟೇ ಬೇಗ ಮುಗಿಯಿತು. ಬ್ಯಾಟರಿ ಮಾರಿದವನನ್ನು ಬೈದಳು. ತೇವದ ಮೇಲೆ, ಸೆಕೆಯ ಮೇಲೆ, ಇರುವೆಯ ಮೇಲೆ ಒಂದೊಂದಾಗಿ ಗುಮಾನಿಪಟ್ಟಳು. ಡಬ್ಬಿಯನ್ನು ಮನೆಗೆ ತಂದು ಮೇಜಿನ ಮೇಲಿಟ್ಟರೆ ಅದು ಬಂಗಾರದಂತೆ ಮಲಗುತ್ತದೆ, ಮೀಟರಿನಲ್ಲಿ ಏನೂ ಕಾಣುವುದಿಲ್ಲ. ತೋಟಕ್ಕೆ ಹೋದ ಕೂಡಲೇ ಅದಕ್ಕೆ ಬಕಾಸುರನ ಹಸಿವು. ಅವಳಿಗೆ ನಿಜಕ್ಕೂ ಅಳು ಬರುವಷ್ಟು ಬೇಜಾರಾಯಿತು. ಸ್ಪಂದನಾಳ ದಿನಗಳು ಹತ್ತಿರ ಬರುತ್ತಿದ್ದವು. ಹೊನ್ನಕ್ಕ ಫೋನಿನಲ್ಲಿ ಜೋರು ಮಾಡುವುದನ್ನು ಬಿಟ್ಟು, "ಇರ್ಲಿ ಬುಡಿ, ನೀವ್ಯಾಕೆ ಸಂಕ್ಟ ಪಡ್ತೀರಿ, ಯಾರಾದ್ರೂ ನರ್ಸಮ್ಮನ್ನ ಗೊತ್ತು ಮಾಡ್ತೀವಿ" ಅನ್ನತೊಡಗಿದ್ದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಕೊನೆಗೆ ಒಂದು ಬೆಳಿಗ್ಗೆ ಮೀಟರು ಎತ್ತಿಕೊಂಡು ತೋಟಕ್ಕೇ ಹೋಗಿ ಕೂತಳು. ಡಬ್ಬಿಯ ಬ್ಯಾಟರಿಗೆ ವೈರು ಸಿಕ್ಕಿಸಿ, ಸ್ವಲ್ಪ ದೂರದ ಹಲಸಿನ ಮರದ ಕೆಳಗೆ ಚಾಪೆ ಹಾಕಿಸಿಕೊಂಡಳು. ಹೊನ್ನಕ್ಕ ಎಳನೀರು ಕೊಚ್ಚಿ ಕೊಟ್ಟಳು, ರಸಬಾಳೆ ಚಿಪ್ಪು ತಂದಿಟ್ಟಳು. ಮೀಟರಿನಲ್ಲಿ ಏನೂ ಇಲ್ಲ.

ಡೈರಿಗೆ ಹಾಲು ಹಾಕಿ ಬರುತ್ತಿದ್ದ ಪುಟ್ಟಸ್ವಾಮಿ ದಾರಿಯಲ್ಲಿ ಸೈಕಲ್ ನಿಲ್ಲಿಸಿದ. ಬೇಲಿಯೊಳಗೆ ಬಂದು ಡಬ್ಬಿಯ ಗುಂಡಿ ಒತ್ತಿದ. ನೀಲಿ ಬೆಳಕು ಬಂತು. "ಏನಪ್ಪಾ, ಚೆಂದಾಗಿದ್ದೀಯಾ?" ಅಂದು, ಬೆಳಕು ಆರುವವರೆಗೂ ನಿಂತಿದ್ದು, ಸೈಕಲ್ ಹತ್ತಿ ಹೋದ. ಮೀಟರು ಎದ್ದು ಕುಣಿದು ಮತ್ತೆ ಮಲಗಿತು.

ಚೂಡಾಮಣಿ ಬಾಳೆಹಣ್ಣು ಅರ್ಧಕ್ಕೆ ನಿಲ್ಲಿಸಿದಳು.

ಮರ ಹತ್ತುವ ಪಾಪಯ್ಯ ಬಂದ, ಹಗ್ಗ ಹೆಗಲಿಗೆ ಹಾಕಿಕೊಳ್ಳುವ ಮುಂಚೆ ಒಮ್ಮೆ ಒತ್ತಿದ. ಇಳಿದು ಬಂದ ಮೇಲೆ ಇನ್ನೊಮ್ಮೆ ಒತ್ತಿದ. ಶಾಲೆಗೆ ಹೋಗುವ ಮಕ್ಕಳು ಪಾಳಿ ಹಚ್ಚಿ ಒತ್ತಿದವು. ಅವರ ಪೈಕಿ ಒಂದು, ಒತ್ತಿ, ಕೈಮುಗಿದು, ಕಣ್ಣಿಗೊತ್ತಿಕೊಂಡಿತು. ಆಮೇಲೆ ರಂಗಸ್ವಾಮಿ ಚನ್ನರಾಯಪಟ್ಟಣದಿಂದ ಬಂದಿದ್ದ ಯಾರೋ ನೆಂಟರನ್ನು ಕರೆದುಕೊಂಡು ಬಂದ. ದೂರದಿಂದಲೇ ಅವನ ದನಿ ಕೇಳಿಸಿತು: "ಒತ್ರಣ್ಣ, ಒತ್ರೀ, ಏನೂ ಆಗಾಕಿಲ್ಲ. ನೋಡಿ, ನೋಡಿ, ನಮಸ್ಕಾರ ಅಂತು! ಇನ್ನೊಂದ್ ದಪ ಒತ್ರೀ, ಬೇಜಾರೇ ಮಾಡ್ಕಳಾಕಿಲ್ಲ. ನಮ್ಮನೇವ್ಳಿಗಿಂತ ವಾಸಿ."

ಚೂಡಾಮಣಿ ಹೊನ್ನಕ್ಕನನ್ನು ಕರೆದು ಕೇಳಿದಳು, "ನೀವೂ ಒತ್ತುತ್ತೀರಾ?"

"ಬೆಳಗ್ಗೆ ಎದ್ದು ಬಂದಾಗ ಒಂದ್ಸಲ, ಕಸ ಗುಡ್ಸಿದ್ ಮ್ಯಾಲೆ ಒಂದ್ಸಲ. ಎದ್ದೈತೋ ಇಲ್ವೋ ಅಂತ ಜೀವ ಕೇಳಾಕಿಲ್ಲ ಕಣಮ್ಮಾ. ಮನ್ಗಾ ಮುಂಚೆ ಎಂಗೂ ಒತ್ತೇ ಒತ್ತೀನಿ."

ಚೂಡಾಮಣಿಗೆ ನಗು ತಡೆಯಲಾಗಲಿಲ್ಲ. ಮೇಜಿನ ಮೇಲೆ ನಾಲ್ಕು ದಾರಿಯಲ್ಲಿ ಕರೆಂಟು ಉಳಿಸಿ, ಐದನೆಯದರಲ್ಲಿ ಊರಿಗೆ ಊರನ್ನೇ ಬ್ಯಾಟರಿಯ ಮೇಲೆ ಬಿಟ್ಟಿದ್ದಳು. ನಮಸ್ಕಾರ ಅಂದವರನ್ನು ತಿರುಗಿ ಮಾತಾಡಿಸದೆ ದಾಟಿಹೋಗುವ ಜನವೇ ಇದು? ಆಗ ನೆನಪಾಯಿತು, ಬೆಳಿಗ್ಗೆ ಬಂದವಳು ವೈರು ಸಿಕ್ಕಿಸುವ ಮೊದಲು ತಾನೂ ಒಮ್ಮೆ ಒತ್ತಿದ್ದಳು. ಯಾಕೆ ಅಂತ ಯೋಚನೆ ಕೂಡ ಮಾಡಿರಲಿಲ್ಲ.

‘ಸುಮ್ಮನೆ ಒತ್ತಬೇಡಿ’ ಎಂದು ಚೀಟಿ ಬರೆದು ಅಂಟಿಸಿ ಬಂದಳು. ಸಂಪತ್ಕುಮಾರ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು, ಅವನಿಗೆ ಗೊತ್ತಿತ್ತು. ಮೊದಲು ಒತ್ತದೆ ಇದ್ದವರೂ ಅದರಲ್ಲೇನಿದೆ ಎಂದು ಬಂದು ಒತ್ತಿದರು. ಹೊನ್ನಕ್ಕ ಮಾತ್ರ ಮಾತು ಕೇಳಿ ಒತ್ತುವುದನ್ನು ಬಿಟ್ಟಳು, ಆದರೆ ಅರಕಲಗೂಡಿಗೆ ಹೋಗುವುದನ್ನೂ ಬಿಟ್ಟಳು. "ಒತ್ತದೆ ಅದು ಬದ್ಕೈತೆ ಅಂತ ಎಂಗೆ ನಂಬ್ಲಿ? ಒತ್ತಿದ್ರೆ ಸಾಯ್ತದೆ ಅಂತೀರಿ. ಅಲ್ಲಿ ಮಗಳ ಪಕ್ಕ ಕುಂತ್ರೂ ಜೀವ ಇಲ್ಲೇ ಇರ್ತದಲ್ಲಾ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಚೂಡಾಮಣಿ ಡಬ್ಬಿಯನ್ನು ಮತ್ತೆ ಹಾಸನಕ್ಕೆ ತಂದಳು. ಬೆಳಕನ್ನು ಚಿಕ್ಕದು ಮಾಡಿ ನೋಡಿದಳು, ಬೇಗ ಆರುವಂತೆ ಮಾಡಿ ನೋಡಿದಳು. ಎಷ್ಟು ಕಡಿಮೆ ಮಾಡಿದರೂ ಊರಿನ ಪ್ರೀತಿ ಅದಕ್ಕಿಂತ ಹೆಚ್ಚಿತ್ತು.

ಯುಗಾದಿ ಕಳೆದ ಮೇಲಿನ ಮಾತು. ಬೆಳಗಾಗುತ್ತಲೇ ಏನೋ ಹೊಳೆದಂತಾಗಿ ಚೂಡಾಮಣಿ ನೇರ ಮಹಡಿಗೆ ಹೋದವಳು ಕೆಲಸದಲ್ಲಿ ಮುಳುಗಿಬಿಟ್ಟಳು. ಹೊಳೆದದ್ದು ಕೈಗೆ ಹತ್ತಲಿಲ್ಲ. ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಕೆಳಗೆ ಬಾಗಿಲು ದಬದಬ ಬಡಿದ ಸದ್ದು. ಎದುರುಮನೆಯ ಆರತಿ, ತಲೆಗೆ ಟವೆಲು ಸುತ್ತಿಕೊಂಡು, ಗಾಬರಿಯಿಂದ ನಿಂತಿದ್ದಳು.

"ಏನ್ರೀ ಚೂಡಾಮಣಿ, ಎಲ್ಲಾ ಹುಷಾರಾಗಿದೀರಾ? ಮೇಷ್ಟ್ರು ಚೆನ್ನಾಗಿದಾರಾ?"

"ಚೆನ್ನಾಗಿದೀವಲ್ಲ ಆರತಿ. ಯಾಕೆ?"

"ಬಾಗಿಲಲ್ಲಿ ರಂಗೋಲಿನೇ ಇಲ್ವಲ್ಲ! ನನಗೆ ಎದೆ ಧಸಕ್ ಅಂತು. ನಮ್ಮವರು ಹೋಗಿ ನೋಡು ಅಂದ್ರು."

ಚೂಡಾಮಣಿ ಹೊಸ್ತಿಲಾಚೆ ನೋಡಿದಳು. ನಿನ್ನೆಯ ರಂಗೋಲಿ ಅಳಿಸಿ ಮಸುಕಾಗಿತ್ತು, ಇವತ್ತಿನದು ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಈ ಬಾಗಿಲಿಗೆ ರಂಗೋಲಿ ತಪ್ಪಿದ್ದು ಅತ್ತೆ ತೀರಿಕೊಂಡಾಗ, ಆಮೇಲೆ ವರ್ಷಕ್ಕೊಮ್ಮೆ ಶ್ರಾದ್ಧದ ದಿನ. ಬೀದಿಯವರಿಗೆಲ್ಲ ಅದು ಗೊತ್ತು. ಇಷ್ಟು ವರ್ಷ ಎದುರುಮನೆಯಲ್ಲೇ ಇರುವ ಆರತಿ ಒಂದು ದಿನವೂ ‘ಎದ್ದಿದೀರಾ’ ಎಂದು ಬಾಗಿಲು ಬಡಿದವಳಲ್ಲ. ಬಡಿಯಬೇಕಾಗಿರಲೇ ಇಲ್ಲ. ಹಾಲು ತರಲು ಹೋಗುವಾಗ ಕಣ್ಣ ಕೊನೆಯಲ್ಲಿ ರಂಗೋಲಿ ಕಂಡರೆ ಸಾಕು, ಒಳಗಿನವರು ಎದ್ದಿದ್ದಾರೆ, ಸುಖವಾಗಿದ್ದಾರೆ ಎಂದು ತಿಳಿದು ಮುಂದೆ ಹೋಗುತ್ತಿದ್ದಳು. ಒಂದು ಸಲ ಹಾಕಿದರೆ ಆಯಿತು, ಅದು ಎಣ್ಣೆ ಕೇಳುವುದಿಲ್ಲ, ಕರೆಂಟು ಕೇಳುವುದಿಲ್ಲ, ಮರುದಿನದವರೆಗೆ ಹಾಗೇ ಇರುತ್ತದೆ.

"ಆರತಿ," ಅಂದಳು ಚೂಡಾಮಣಿ, "ನೀವು ದೇವರ ಹಾಗೆ ಬಂದ್ರಿ." ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡಳು. ಆರತಿಯ ತಲೆಯ ಟವೆಲು ಬಿಚ್ಚಿಹೋಯಿತು. ಮೇಷ್ಟ್ರ ಹೆಂಡತಿಗೆ ಏನೋ ಆಗಿದೆ ಎಂಬುದು ಅವಳಿಗೆ ಖಚಿತವಾಯಿತು.

ಪರದೆ ಹೋಯಿತು, ಬೆಳಕು ಹೋಯಿತು. ಅದರ ಜಾಗಕ್ಕೆ ಒಂದು ರೂಪಾಯಿ ನಾಣ್ಯಕ್ಕಿಂತ ಕೊಂಚ ದೊಡ್ಡದಾದ ತಗಡಿನ ಬಿಲ್ಲೆ ಬಂತು. ವಾಲ್ವಿನ ಹಾಗೆಯೇ ಅದಕ್ಕೂ ಒಂದು ತಳ್ಳು ಸಾಕು. ಟಕ್ ಎಂದು ಮಗುಚಿಕೊಂಡರೆ ಮುಂದಿನ ತಳ್ಳಿನವರೆಗೆ ಹಾಗೇ ಇರುತ್ತದೆ, ನಡುವೆ ಒಂದು ತೊಟ್ಟು ಕರೆಂಟೂ ಬೇಡ. ಬೆಳಿಗ್ಗೆ ಚಿಪ್ಪು ಎದ್ದು, ಬ್ಯಾಟರಿ ನೋಡಿ, ವಾಲ್ವುಗಳನ್ನು ನೋಡಿ, ಎಲ್ಲ ಸರಿಯಿದ್ದರೆ ಬಿಲ್ಲೆಯನ್ನು ಮಗುಚುತ್ತದೆ. ಸಂಜೆ ತಿರುಗಿ ಹಾಕುತ್ತದೆ. ಏನಾದರೂ ಕೆಟ್ಟಿದ್ದರೆ ಬೆಳಿಗ್ಗೆ ಬಿಲ್ಲೆ ಮಗುಚುವುದಿಲ್ಲ. ಬಿಲ್ಲೆಯ ಎರಡೂ ಮುಖಕ್ಕೆ ಕೆಮ್ಮಣ್ಣಿನ ಬಣ್ಣ ಬಳಿದು, ಒಂದು ಮುಖದ ಮೇಲೆ ಸಣ್ಣ ಕುಂಚದಲ್ಲಿ ಚುಕ್ಕಿಯಿಟ್ಟು ಬಿಳಿಯ ರಂಗೋಲಿ ಬರೆದಳು. ಯಾವ ಹೊತ್ತಿಗೆ ಮಗುಚಬೇಕು ಎಂದು ಯೋಚಿಸುವಂಥದ್ದೇನೂ ಇರಲಿಲ್ಲ, ತಾನು ಬಾಗಿಲಿಗೆ ರಂಗೋಲಿ ಹಾಕುವ ಹೊತ್ತನ್ನೇ ಅದಕ್ಕೂ ಇಟ್ಟಳು. ಗುಂಡಿಯನ್ನು ಡಬ್ಬಿಯೊಳಗೆ ಸೇರಿಸಿ ಮುಚ್ಚಳ ಬಿಗಿದಳು.

ತೋಟದಲ್ಲಿ ಎಲ್ಲರ ಮುಖವೂ ಮೊದಲು ಸಪ್ಪಗಾಯಿತು. "ಮಾತಾಡಾಕಿಲ್ವಾ ಇನ್ಮುಂದೆ?" ಎಂದು ಪುಟ್ಟಸ್ವಾಮಿ ಕೇಳಿದ. ಆದರೆ ಮರುದಿನ ಬೆಳಿಗ್ಗೆ ಹೊನ್ನಕ್ಕ ಸಗಣಿ ನೀರಿನ ಬಕೆಟ್ಟು ಹಿಡಿದುಕೊಂಡು ಅಂಗಳಕ್ಕೆ ಬಂದವಳು ತೋಟದ ಕಡೆ ನೋಡಿದಳು. ಡಬ್ಬಿ ತನಗಿಂತ ಮೊದಲೇ ರಂಗೋಲಿ ಹಾಕಿ ಮುಗಿಸಿತ್ತು. ಹಾಸನಕ್ಕೆ ಫೋನು ಮಾಡಿದಳು. "ನಾಚ್ಕೆ ಆಯ್ತು ಕಣಮ್ಮಾ ನಂಗೆ" ಅಂದಳು, ದನಿಯಲ್ಲಿ ನಗು. ಕೆಲವು ದಿನ ಹೀಗೇ ದೂರದಿಂದ ನೋಡಿ ನೋಡಿ ಅವಳಿಗೆ ನಂಬಿಕೆ ಬಂತು. ಡೈರಿಯಿಂದ ಬರುವ ಪುಟ್ಟಸ್ವಾಮಿಯೂ ಸೈಕಲ್ ಮೇಲಿಂದಲೇ ಕೈ ಎತ್ತಿ ಮುಂದೆ ಹೋಗುತ್ತಿದ್ದ. ಬ್ಯಾಟರಿ ಅಲ್ಲಾಡಲಿಲ್ಲ.

ಬಿಸಿಲು ನೆತ್ತಿ ಸುಡುವ ದಿನಗಳಲ್ಲಿ ಹೊನ್ನಕ್ಕ ಖಾರದ ಪುಡಿ, ಮೆಂತ್ಯದ ಹಿಟ್ಟು, ಹಳೆಯ ಸೀರೆಗಳ ಗಂಟು ಕಟ್ಟಿಕೊಂಡು ಅರಕಲಗೂಡಿನ ಬಸ್ಸು ಹತ್ತಿದಳು. ರಂಗಸ್ವಾಮಿಗೆ ಒಂದೇ ಕೆಲಸ ಹೇಳಿಹೋಗಿದ್ದಳು: ದಿನಾ ಬೆಳಿಗ್ಗೆ ನೋಡಿ, ರಂಗೋಲಿ ಬಿದ್ದಿದೆ ಎಂದು ಫೋನಿನಲ್ಲಿ ಹೇಳುವುದು. ಮುಟ್ಟುವಂತಿಲ್ಲ, ತಿರುಗಿಸುವಂತಿಲ್ಲ, ನೋಡುವುದು ಅಷ್ಟೇ. ಅದನ್ನು ಅವನು ಒಂದು ದಿನವೂ ತಪ್ಪಿಸಲಿಲ್ಲ. ಕೆಲವೊಮ್ಮೆ ಖುಷಿಗೆ ಚೂಡಾಮಣಿಗೂ ಫೋನು ಮಾಡಿ ಹೇಳುತ್ತಿದ್ದ.

ಒಂದು ದಿನ ಇನ್ನೂ ಬೆಳಕು ಹರಿಯುವ ಮೊದಲೇ ಫೋನು ಬಡಿದುಕೊಂಡಿತು.

"ಅಮ್ಮಾರೇ! ಕೆಟ್ವಿ! ರಂಗೋಲಿ ಇಲ್ಲ!"

ಚೂಡಾಮಣಿ ಧಡಕ್ಕನೆ ಎದ್ದು ಕೂತಳು. "ಸರಿಯಾಗಿ ನೋಡಿದ್ರಾ?"

"ಟಾರ್ಚು ಬಿಟ್ಕಂಡು ನೋಡ್ತಾ ನಿಂತಿವ್ನಿ. ಬರೀ ಕೆಂಪು. ಅಮ್ಮಾರೇ, ಈಗ ತಾನೆ ಅವ್ಳು ಫೋನ್ ಮಾಡಿದ್ಲು. ಎಣ್ ಮಗು. ಇಬ್ರೂ ಚೆಂದಾಗವ್ರಂತೆ. ಖುಸೀಲಿ ಓಡ್ಬಂದೆ ಇದ್ಕೂ ಏಳಾನ ಅಂತ, ನೋಡಿದ್ರೆ ಇಂಗೆ! ಈಗ ಅವ್ಳಿಗೆ ಎಂಗೆ ಏಳ್ಲಿ? ಏಳಿದ್ರೆ ಮೊದಲ್ನೇ ಬಸ್ಸಿಗೇ ಒಂಟ್ ಬತ್ತಾಳೆ. ಮಗಾನ ನೀರಿಗ್ ಆಕೋರ್ ಯಾರು? ನಾನೇ ವಾಲ್ವು ತಿರುವ್ತೀನಿ ಅಮ್ಮಾರೇ, ಟೀ ಅಂಗ್ಡಿ ಕಡೆ ತಲೆ ಆಕಿ ಮಲಗಾಕಿಲ್ಲ. ಆದ್ರೆ ಅವ್ಳು ನನ್ ಮಾತ್ ನಂಬ್ಬೇಕಲ್ಲಾ."

ಚೂಡಾಮಣಿ ಕಿಟಕಿ ನೋಡಿದಳು. ಹೊರಗೆ ಕತ್ತಲು. ಗೋಡೆಯ ಗಡಿಯಾರ ನೋಡಿದಳು. ಮೈಯೆಲ್ಲ ಹಗುರವಾಯಿತು, ನಗು ಉಕ್ಕಿತು, ಆದರೆ ಪೂರ್ತಿ ನಗಲು ಧೈರ್ಯ ಬರಲಿಲ್ಲ.

"ರಂಗಸ್ವಾಮಣ್ಣ, ನಾನೇ ಇನ್ನೂ ಹಾಕಿಲ್ಲ. ಅದು ಹೇಗೆ ಹಾಕತ್ತೆ?"

"ಆಂ?"

"ಹೊತ್ತಾಗಿಲ್ಲ ಮಾರಾಯ್ರೆ. ಹೊನ್ನಕ್ಕನಿಗೆ ಏನೂ ಹೇಳ್ಬೇಡಿ. ಅಲ್ಲೇ ಕೂತ್ಕೊಳ್ಳಿ, ಫೋನು ಡಬ್ಬಿ ಹತ್ರ ಹಿಡೀರಿ."

"ಮಾತಾಡ್ಬೋದಾ?"

"ಬೇಡ. ಸುಮ್ಮನಿರಿ."

ರಂಗಸ್ವಾಮಿ ಸುಮ್ಮನಿದ್ದ! ಚೂಡಾಮಣಿ ಫೋನು ಹಿಡಿದೇ ಹೊರಬಂದಳು. ಬಾಗಿಲ ಮುಂದೆ ನೀರು ಹಾಕಿ ಗುಡಿಸಿ, ಫೋನನ್ನು ಹೊಸ್ತಿಲ ಮೇಲೆ ಒರಗಿಸಿಟ್ಟು, ರಂಗೋಲಿ ಬಟ್ಟಲು ತಂದು ಕೂತಳು. ಫೋನಿನಿಂದ ತೋಟದ ಹಕ್ಕಿಗಳ ಸದ್ದು, ರಂಗಸ್ವಾಮಿಯ ಉಸಿರು. ಚುಕ್ಕಿ ಇಡುತ್ತಾ ಹೋದಳು. ನಿಜಕ್ಕೂ ಹೊತ್ತಾಗಿಲ್ಲವೋ, ಅಥವಾ ನಿಜಕ್ಕೂ ಸತ್ತಿದೆಯೋ? ಆ ರೆಸಿಸ್ಟರು? ಇರುವೆ? ಇಷ್ಟು ದಿನದ ಮೇಲೆ ಈ ದಿನವೇ? ಒಂದು ಚುಕ್ಕಿ ಜಾಗ ತಪ್ಪಿ ಬಿತ್ತು. ಆಕಾಶ ಬೆಳ್ಳಗಾಗುತ್ತಾ ಬಂತು. ಚುಕ್ಕಿ ಮುಗಿಸಿ ಮೊದಲ ಗೆರೆ ಎಳೆಯಲು ಕೈ ಎತ್ತಿದಳು.

ಹೊಸ್ತಿಲ ಮೇಲಿಂದ ಕೇಳಿಸಿತು: ಟಕ್.

ಅದರ ಹಿಂದೆಯೇ ಸಣ್ಣಗೆ ವಾಲ್ವು ತೆರೆದ ಸದ್ದು, ಪೈಪಿಗೆ ನೀರು ನುಗ್ಗಿದ ಸದ್ದು.

"ಆಕ್ತು!" ಎಂದು ರಂಗಸ್ವಾಮಿ ಕೂಗಿದ ಕೂಗಿಗೆ ತೋಟದ ಹಕ್ಕಿಗಳೆಲ್ಲ ಎದ್ದಿರಬೇಕು. "ಆಕ್ತು ಅಮ್ಮಾರೇ! ಬೆಳ್ಳಗೆ! ನೀರೂ ಬುಡ್ತು!" ಆಮೇಲೆ ಅವನ ದನಿ ತಗ್ಗಿತು. ಈ ಮಾತು ಅವಳಿಗೆ ಹೇಳಿದ್ದಲ್ಲ. "ಮೊಮ್ಮಗಳು ಕಣಪ್ಪಾ," ಅಂದ. "ನಮ್ ಸ್ಪಂದನಂಗೆ ಎಣ್ ಮಗು. ಅವ್ರಜ್ಜಿ ಅಲ್ಲೇ ಅವ್ಳೆ. ಇಲ್ಲಿ ನೀನ್ ಇದ್ದಿಯಲ್ಲ, ಅವ್ಳು ಅಲ್ಲೇ ಇರ್ತಾಳೆ."

ಚೂಡಾಮಣಿ ರಂಗೋಲಿ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು, ಕೆನ್ನೆಯೆಲ್ಲ ಬಿಳಿಯಾಯಿತು. ಫೋನಿನಲ್ಲಿ ಏನೋ ಕಾಗದ ಬಿಚ್ಚುವ ಸರಸರ ಸದ್ದಾಯಿತು.

"ಏನು ಮಾಡ್ತಿದೀರಿ ರಂಗಸ್ವಾಮಣ್ಣ?"

"ಸಕ್ರೆ ತಂದಿದ್ದೆ. ಎಲ್ರಿಗೂ ಕೊಡ್ಬೇಕಲ್ಲ. ಇದ್ಕೆ ಬಾಯಿ ಇಲ್ಲ, ಮ್ಯಾಲೇ ಇಕ್ತಾ ಇವ್ನಿ."

"ಅಯ್ಯೋ ಬೇಡಿ! ಇರುವೆ ಮುತ್ತತ್ತೆ!"

"ಒಂದ್ ಚಿಟಿಕೆ ಅಮ್ಮಾರೇ. ಒಂದೇ ಒಂದ್ ಚಿಟಿಕೆ."

ಚೂಡಾಮಣಿ ಹಣೆ ಚಚ್ಚಿಕೊಂಡು ನಕ್ಕಳು. "ಇಡಿ, ಆದರೆ ಇಟ್ಟು ಒಂದು ಕ್ಷಣ ಬಿಟ್ಟು ಒರೆಸಿಬಿಡಿ" ಅಂದಳು. ಹಾಲಿಗೆ ಹೊರಟ ಆರತಿ ಈ ಬಾಗಿಲ ಕಡೆ ಒಮ್ಮೆ ನೋಡಿ ಮುಂದೆ ಹೋದಳು. ಚೂಡಾಮಣಿ ಜಾಗ ತಪ್ಪಿದ ಚುಕ್ಕಿಯನ್ನು ಬೆರಳಿನಲ್ಲಿ ಸರಿಸಿ, ಗೆರೆ ಎಳೆಯತೊಡಗಿದಳು.